‘ಒಲ್ಲೆ’ ಎನ್ನುವ ಸ್ವಾತಂತ್ರ್ಯ

ಸ್ವಾತಂತ್ರ್ಯವೆಂಬ ಶಬ್ದವು ನಮ್ಮ ನಾಲಗೆಯ ಮೇಲೆ ಎಷ್ಟು ಸುಲಭವಾಗಿ ಆಡುತ್ತದೆಯೋ ಅದರ ಅರ್ಥವು ನಮ್ಮ ಬಾಳಿನಲ್ಲಿ ಅಷ್ಟು ಸುಲಭವಾಗಿ ಇಳಿದಿಲ್ಲ. ಪರರಾಜ್ಯವು ತೊಲಗಿ ಸ್ವರಾಜ್ಯವು ಬಂದಾಗ ದೇಶವು ಸ್ವತಂತ್ರವಾಯಿತೆಂದೆವು, ಅದು ನಿಜವೇ. ಆದರೆ ದೇಶವು ಸ್ವತಂತ್ರವಾದ ಮಾತ್ರಕ್ಕೆ ಆ ದೇಶದ ಹೊಲದಲ್ಲಿ, ಕಲ್ಲಿನ ಗಣಿಯಲ್ಲಿ, ಇಟ್ಟಿಗೆಯ ಭಟ್ಟಿಯಲ್ಲಿ ದುಡಿಯುವ ಪ್ರತಿಯೊಬ್ಬ ಮನುಷ್ಯನೂ ಸ್ವತಂತ್ರನಾದನೆಂದು ಹೇಳಬಹುದೇ? ಇದನ್ನು ಪರೀಕ್ಷಿಸಲು ದೊಡ್ಡ ಶಾಸ್ತ್ರಗ್ರಂಥಗಳನ್ನು ತೆರೆಯಬೇಕಾಗಿಲ್ಲ. ನಮ್ಮ ಕನ್ನಡದಲ್ಲಿ ‘ಒಲ್ಲೆ’ ಎಂಬ ಎರಡಕ್ಷರದ ಚಿಕ್ಕ ಮಾತೊಂದಿದೆ. ಅನ್ಯಾಯದ ಕೂಲಿಯನ್ನು ಒಲ್ಲೆನೆಂದು, ಅಪಮಾನದ ಬಾಳನ್ನು ಒಲ್ಲೆನೆಂದು ಹೇಳಿ, ಹಾಗೆ ಹೇಳಿದ ದಿನವೂ ತನ್ನ ಮಕ್ಕಳಿಗೆ ಎರಡು ತುತ್ತು ಉಣಿಸಬಲ್ಲವನು ಸ್ವತಂತ್ರನು. ಹೇಳಲಾರದವನು ಯಾವ ಧ್ವಜದ ಕೆಳಗೆ ನಿಂತಿದ್ದರೂ, ಎಷ್ಟು ಚುನಾವಣೆಗಳಲ್ಲಿ ಮತವಿತ್ತಿದ್ದರೂ, ಪರಾಧೀನನೇ ಸರಿ.

ಈ ಬಲವನ್ನು ಮನುಷ್ಯನಿಂದ ಕಸಿದುಕೊಳ್ಳುವದು ಯಾವದು? ಸೆರೆಮನೆಯೂ ಲಾಠಿಯೂ ಕಸಿದುಕೊಳ್ಳುತ್ತವೆಂಬದನ್ನು ಪರಕೀಯರ ಆಳಿಕೆಯಲ್ಲಿ ಬಾಳಿದ ನಮ್ಮ ಹಿರಿಯರು ಅನುಭವದಿಂದ ಬಲ್ಲವರಾಗಿದ್ದರು. ಆದರೆ ಸದ್ದಿಲ್ಲದೆ, ಎಷ್ಟೋ ಸಲ ಕಾಯದೆಯ ಕಣ್ಣೆದುರಿನಲ್ಲಿಯೇ, ಅದನ್ನು ಅಪಹರಿಸುವ ಇನ್ನೊಂದು ಶಕ್ತಿಯುಂಟು. ಒಬ್ಬನ ಅತಿಲೋಭವೂ ಇನ್ನೊಬ್ಬನ ಅತಿದಾರಿದ್ರ್ಯವೂ ಒಂದೇ ಊರಿನಲ್ಲಿ ಎದುರುಬದುರಾಗಿ ನಿಂತಾಗ ಆ ಶಕ್ತಿಯು ಹುಟ್ಟುತ್ತದೆ. ಬರಿಯ ಬಡತನವು ಮನುಷ್ಯನನ್ನು ದಾಸನನ್ನಾಗಿ ಮಾಡುವದಿಲ್ಲ. ಬಡವರ ನಡುವೆ ಬಾಳುವ ಬಡವನು ಹಸಿದಾನು. ಆದರೆ ಅವನು ಯಾರ ಕಾಲಿಗೂ ಬೀಳಬೇಕಾಗಿಲ್ಲ. ಒಬ್ಬನ ಕಣಜವು ತುಂಬಿ ತುಳುಕುತ್ತಿರುವಾಗ ನೆರೆಯವನ ಒಲೆಯು ಆರಿ, ಕಣಜದ ಒಡೆಯನು ಆ ಆರಿದ ಒಲೆಯಲ್ಲಿ ತನ್ನ ಲಾಭವನ್ನು ಕಾಣತೊಡಗಿದನೆಂದರೆ, ಅಲ್ಲಿಂದ ದಾಸ್ಯವು ಪ್ರಾರಂಭವಾಗುತ್ತದೆ. ಈ ಮಾತನ್ನು ನಮ್ಮ ದೇಶದ ಜೀತಪದ್ಧತಿಯಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಯು ಬೇರೊಂದಿಲ್ಲ. ಆದಕಾರಣ ಅದನ್ನೇ ಇಲ್ಲಿ ತುಸು ವಿಸ್ತಾರವಾಗಿ ಪರಾಮರ್ಶಿಸೋಣ.

ವಹಿಯೊಳಗಿನ ಬೇಡಿ

ಜೀತವು ಪ್ರಾರಂಭವಾಗುವ ಬಗೆಯು ಬಹು ಸರಳವಾದದ್ದು. ಒಕ್ಕಲಿಗನ ಮನೆಯಲ್ಲಿಯೋ ಕೂಲಿಕಾರನ ಗುಡಿಸಲಿನಲ್ಲಿಯೋ ಒಂದು ಮದುವೆ ಕೂಡಿಬರುತ್ತದೆ. ಇಲ್ಲವೆ ಜಡ್ಡು, ಇಲ್ಲವೆ ಸಾವು, ಇಲ್ಲವೆ ಮಳೆ ಹೋಗಿ ಬೆಳೆಯ ನಾಶ. ಕೈಯಲ್ಲಿ ಕಾಸಿಲ್ಲ, ಬ್ಯಾಂಕಿನವರು ಅಡವಿಲ್ಲದವನಿಗೆ ಬಾಗಿಲು ತೆರೆಯುವದಿಲ್ಲ. ಊರಲ್ಲಿ ಹಣವಿದ್ದವನೊಬ್ಬನೇ. ಅವನು ಕೊಡುತ್ತಾನೆ, ನಗುಮುಖದಿಂದಲೇ ಕೊಡುತ್ತಾನೆ. ‘ತೀರುವವರೆಗೆ ನಮ್ಮಲ್ಲಿ ದುಡಿ’ ಎನ್ನುತ್ತಾನೆ. ಆ ಕ್ಷಣಕ್ಕೆ ಅದು ಉಪಕಾರವಾಗಿಯೇ ತೋರುತ್ತದೆ. ಆದರೆ ದುಡಿಮೆಯ ಬೆಲೆಯನ್ನು ನಿಶ್ಚಯಿಸುವವನು ಅವನೇ, ಬಡ್ಡಿಯ ದರವನ್ನು ಹೇಳುವವನೂ ಅವನೇ, ವಹಿಯನ್ನು ಬರೆಯುವವನೂ ಅವನೇ. ಅಕ್ಷರ ಬಾರದವನ ಪಾಲಿಗೆ ಉಳಿದದ್ದು ಹೆಬ್ಬೆಟ್ಟಿನ ಗುರುತು ಮಾತ್ರ. ವರ್ಷವಿಡೀ ದುಡಿದ ಕೂಲಿಯು ಬಡ್ಡಿಗೆ ಸಾಲದೆ ಹೋಗುತ್ತದೆ. ನಡುವೆ ಉಂಡ ಜೋಳವೂ ಉಟ್ಟ ಬಟ್ಟೆಯೂ ಹೊಸ ಸಾಲವಾಗಿ ವಹಿಗೇರುತ್ತವೆ. ಬೆವರು ಸುರಿದಷ್ಟೂ ಸಾಲವು ಬೆಳೆಯುತ್ತದೆ. ತಂದೆಯು ಮುದುಕನಾದರೆ ಮಗನು ಅವನ ಸ್ಥಾನಕ್ಕೆ ಬರುತ್ತಾನೆ. ಹುಟ್ಟುವ ಮೊದಲೇ ಮಾಡಿದ ಸಾಲವನ್ನು ತೀರಿಸಲೆಂದು ಹುಟ್ಟಿದ ಮಕ್ಕಳು ನಮ್ಮ ನಾಡಿನಲ್ಲಿ ಎಷ್ಟೋ ತಲೆಮಾರುಗಳಲ್ಲಿ ಆಗಿಹೋಗಿದ್ದಾರೆ.

ಇದು ಕರ್ನಾಟಕಕ್ಕೆ ಮಾತ್ರ ಮೀಸಲಾದ ರೋಗವಲ್ಲ. ನಮ್ಮಲ್ಲಿ ಜೀತವೆನಿಸಿದ್ದು ಗುಜರಾಥದಲ್ಲಿ ಹಾಲಿ, ಬಿಹಾರದಲ್ಲಿ ಕಾಮಿಯಾ, ರಾಜಸ್ಥಾನದಲ್ಲಿ ಸಾಗಡಿ ಎಂಬ ಹೆಸರುಗಳಿಂದ ನಡೆದುಬಂದಿತು. ಹೆಸರು ಬೇರೆಯಾದರೂ ಒಳಗಿನ ವಿಷವು ಒಂದೇ. ನಮ್ಮ ಶಿವರಾಮ ಕಾರಂತರು 1933 ರಲ್ಲಿ ‘ಚೋಮನ ದುಡಿ’ಯನ್ನು ಪ್ರಕಟಿಸಿದಾಗ ದಕ್ಷಿಣ ಕನ್ನಡದ ಒಬ್ಬ ಜೀತಗಾರನ ಬಾಳನ್ನು ಕನ್ನಡಿಗರ ಮುಂದಿಟ್ಟರು. ಚೋಮನು ಬಯಸಿದ್ದು ಅರಮನೆಯನ್ನಲ್ಲ, ಉಳಲಿಕ್ಕೆ ಒಂದು ತುಂಡು ನೆಲವನ್ನು. ಹುಟ್ಟಿದ ಜಾತಿಯು ಅದಕ್ಕೆ ಅಡ್ಡ ಬಂದಿತು. ಕಾಫಿಯ ತೋಟದ ಸಾಲವು ಅವನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನುಂಗಿತು. ಕಡೆಗೆ ಆ ಸಾಲದ ಬೆಲೆಯನ್ನು ಮನೆಯ ಮಗಳು ತನ್ನ ಮಾನದಿಂದ ತೆರಬೇಕಾಯಿತು. ಆರ್ಥಿಕ ದಾಸ್ಯವು ಹೊಟ್ಟೆಯಲ್ಲಿ ಪ್ರಾರಂಭವಾದರೂ ಹೊಟ್ಟೆಯಲ್ಲಿ ನಿಲ್ಲುವದಿಲ್ಲವೆಂಬದನ್ನು ಈ ಕಥೆಯನ್ನು ಓದಿದವರಿಗೆ ಬೇರೆ ಹೇಳಬೇಕಾಗಿಲ್ಲ. ಜೀತಗಾರರಲ್ಲಿ ಬಹುಸಂಖ್ಯಾಕರು ದಲಿತರೂ ಗಿರಿಜನರೂ ಆಗಿರುವದು ಆಕಸ್ಮಿಕವಲ್ಲ. ಯಾರಿಗೆ ನೆಲವನ್ನೂ ಅಕ್ಷರವನ್ನೂ ಸಮಾಜವು ಮೊದಲೇ ನಿರಾಕರಿಸಿತ್ತೋ ಅವರನ್ನೇ ಸಾಲವು ಮೊದಲು ಹಿಡಿಯಿತು.

ಸುಟ್ಟದ್ದು ಕಾಗದವನ್ನು

ವಹಿಯ ಈ ಬಲವನ್ನು ನಮ್ಮ ರೈತರು ಅರಿಯದೆ ಇರಲಿಲ್ಲ. 1875 ನೆಯ ಇಸವಿಯ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾವಕಾರರ ಮನೆ, ಅಂಗಡಿಗಳ ಮೇಲೆ ಬಿದ್ದರು. ಬೆಂಕಿಯು ಅಹಮದನಗರದ ಹಳ್ಳಿಗಳಿಗೂ ಹಬ್ಬಿತು. ಇದರ ಹಿಂದಿನ ಕಾರಣಗಳನ್ನು ನೋಡಬೇಕು. 1861 ರಿಂದ 1865 ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧವು ನಡೆದಾಗ ವಿಲಾಯತಿಯ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಗಿ, ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂದಿತು. ಸಾವಕಾರರು ಕರೆಕರೆದು ಸಾಲ ಕೊಟ್ಟರು. ಯುದ್ಧವು ಮುಗಿಯಿತು, ಬೆಲೆಯು ಬಿದ್ದಿತು. ಅದೇ ಸಮಯಕ್ಕೆ ಸರಕಾರವು ಭೂಕಂದಾಯವನ್ನು ಏರಿಸಿತು. ಸಾಲ ಕೊಡುವ ಕೈ ಮುಚ್ಚಿತು, ವಸೂಲು ಮಾಡುವ ಕೈ ಚಾಚಿತು. ದಸ್ತೈವಜಿನಲ್ಲಿ ಬರೆದದ್ದನ್ನೇ ವೇದವಾಕ್ಯವೆಂದು ತಿಳಿದ ಬ್ರಿಟಿಶ ನ್ಯಾಯಾಲಯಗಳು ಹೆಬ್ಬೆಟ್ಟೊತ್ತಿದವನ ಮಾತನ್ನು ಕೇಳಲಿಲ್ಲ.

ಆ ದಂಗೆಯಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ರೈತರ ಕೋಪವು ಮುಖ್ಯವಾಗಿ ಹರಿದದ್ದು ಸಾವಕಾರರ ಪ್ರಾಣದ ಮೇಲಲ್ಲ, ಅವರ ಕಾಗದಗಳ ಮೇಲೆ. ಸಾಲಪತ್ರಗಳನ್ನೂ ವಹಿಗಳನ್ನೂ ಬೀದಿಗೆ ತಂದು ಸುಟ್ಟರು. ಪತ್ರಗಳನ್ನು ಒಪ್ಪಿಸಿದ ಕಡೆಗಳಲ್ಲಿ ಹೆಚ್ಚಿನ ಹಿಂಸೆಯು ನಡೆಯಲಿಲ್ಲ. ಹಿಂಸೆಯನ್ನು ನಾವು ಸಮರ್ಥಿಸುವದಿಲ್ಲ. ಆದರೆ ತಮ್ಮನ್ನು ಕಟ್ಟಿಹಾಕಿದ ವಸ್ತುವು ಯಾವದೆಂಬದನ್ನು ಆ ನಿರಕ್ಷರಿಗಳು ನ್ಯಾಯಾಧೀಶರಿಗಿಂತ ಚೆನ್ನಾಗಿ ಅರಿತಿದ್ದರೆಂದು ಒಪ್ಪಲೇಬೇಕು. ಸರಕಾರವು ವಿಚಾರಣೆಗಾಗಿ ಆಯೋಗವನ್ನು ನೇಮಿಸಿತು. 1879 ರಲ್ಲಿ ದಖ್ಖನದ ರೈತರಿಗೆ ಪರಿಹಾರ ಕೊಡುವ ಕಾಯದೆಯು ಬಂದಿತು. ಹಣದ ಸಾಲಕ್ಕಾಗಿ ರೈತನನ್ನು ಸೆರೆಗೆ ಹಾಕುವದನ್ನು ಅದು ತಡೆಯಿತು. ಪತ್ರದ ಹಿಂದಿನ ನಿಜವಾದ ವ್ಯವಹಾರವನ್ನು ಕೆದಕಿ ನೋಡುವ ಅಧಿಕಾರವನ್ನು ನ್ಯಾಯಾಲಯಗಳಿಗೆ ಕೊಟ್ಟಿತು. ಬರೆದದ್ದೆಲ್ಲ ನ್ಯಾಯವಲ್ಲವೆಂಬ ತತ್ತ್ವವನ್ನು ಕಾಯದೆಯು ಹೀಗೆ ಮೊದಲ ಬಾರಿಗೆ ಅರೆಮನಸ್ಸಿನಿಂದಾದರೂ ಒಪ್ಪಿಕೊಂಡಿತು.

ಇನ್ನು ಚಂಪಾರಣ್ಯದ ಮಾತು. ಅಲ್ಲಿಯ ರೈತನು ತನ್ನ ಇಪ್ಪತ್ತು ಕಠಾ ಭೂಮಿಯಲ್ಲಿ ಮೂರು ಕಠಾ ನೀಲಿಯನ್ನು ಯುರೋಪಿಯನ್ ಜಮೀನುದಾರನಿಗಾಗಿ ಬೆಳೆಯಲೇಬೇಕಾಗಿತ್ತು. ಜರ್ಮನಿಯ ಕೃತ್ರಿಮ ನೀಲಿಯು ಬಂದು ಆ ವ್ಯಾಪಾರವು ಬಿದ್ದಾಗ ಜಮೀನುದಾರರು ತಮ್ಮ ನಷ್ಟವನ್ನು ರೈತರ ತಲೆಗೆ ಕಟ್ಟಿ, ‘ಬಿಡುಗಡೆ’ಯ ಬೆಲೆಯೆಂದು ಹಣವನ್ನು ಕಿತ್ತರು. 1917 ರಲ್ಲಿ ಮಹಾತ್ಮಾ ಗಾಂಧಿಯವರು ಅಲ್ಲಿಗೆ ಹೋಗಿ ರೈತರ ಹೇಳಿಕೆಗಳನ್ನು ಒಂದೊಂದಾಗಿ ಬರೆಸಿಕೊಂಡರು. ಕಡೆಗೆ ವಿಚಾರಣಾ ಸಮಿತಿಯಲ್ಲಿ ನೂರಕ್ಕೆ ಇಪ್ಪತ್ತೈದರಷ್ಟು ಹಣವನ್ನು ಹಿಂದಿರುಗಿಸುವ ಒಪ್ಪಂದಕ್ಕೆ ಗಾಂಧೀಜಿಯವರು ಸಮ್ಮತಿಸಿದಾಗ, ಇಷ್ಟು ಕಡಿಮೆಗೆ ಏಕೆ ಒಪ್ಪಿದಿರೆಂದು ಕೇಳಿದವರುಂಟು. ಅವರ ದೃಷ್ಟಿಯು ಹಣದ ಮೊತ್ತದಲ್ಲಿರಲಿಲ್ಲ. ಎಂದೂ ತಲೆಬಾಗದ ಜಮೀನುದಾರನು ಒಂದು ಕಾಸನ್ನಾದರೂ ತಪ್ಪೊಪ್ಪಿ ಹಿಂದಿರುಗಿಸಿದನೆಂದರೆ ರೈತನ ಎದೆಯಲ್ಲಿಯ ಅಂಜಿಕೆಯು ಹೋಯಿತೆಂದೇ ಅರ್ಥ. 1918 ರ ಕಾಯದೆಯಿಂದ ಆ ಮೂರು ಕಠಾ ಪದ್ಧತಿಯು ನಿಂತುಹೋಯಿತು. ಚಂಪಾರಣ್ಯದ ರೈತನು ಗಳಿಸಿದ ಮುಖ್ಯ ಲಾಭವು ‘ಒಲ್ಲೆ’ ಎನ್ನಲು ಕಲಿತದ್ದು.

ಕೊಳಗದೊಳಗಿನ ಅನ್ಯಾಯ

ಅಲ್ಲಿ ಇದ್ದವನು ಪರಕೀಯನು. ನಮ್ಮವರೇ ಒಡೆಯರಾದಲ್ಲಿ ಇಂಥ ಅನ್ಯಾಯವು ಇರಲಾರದೆಂದು ಯಾರಾದರೂ ನಂಬಿದ್ದರೆ ಅವರಿಗೆ ಕಾಗೋಡು ಉತ್ತರ ಕೊಟ್ಟಿತು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಈ ಹಳ್ಳಿಯಲ್ಲಿ ದೀವರ ಗೇಣಿದಾರರು ಭೂಮಾಲಿಕನಿಗೆ ಭತ್ತದ ಗೇಣಿಯನ್ನು ಅಳೆದುಕೊಡುತ್ತಿದ್ದರು. ಅಳೆಯುವ ಸಾಧನವು ಕೊಳಗ. ಗೇಣಿಯನ್ನು ಅಳೆದುಕೊಳ್ಳುವಾಗ ವಾಡಿಕೆಗಿಂತ ದೊಡ್ಡದಾದ ಕೊಳಗವನ್ನು ಬಳಸುತ್ತಿದ್ದರೆಂಬದೇ ಜಗಳದ ಮೂಲ. ಸರಿಯಾದ ಅಳತೆಯಿಂದ ಅಳೆದುಕೊಳ್ಳಿರಿ, ಕೊಟ್ಟದ್ದಕ್ಕೆ ರಸೀದಿ ಕೊಡಿರಿ ಎಂಬದಿಷ್ಟೇ ರೈತರ ಬೇಡಿಕೆ. ಒಡೆಯನು ಅವರನ್ನು ಹೊಲದಿಂದಲೇ ಹೊರಗೆ ಹಾಕಹೊರಟನು. ಆಗ 1951 ರ ಏಪ್ರಿಲ್ ತಿಂಗಳಲ್ಲಿ ಶ್ರೀ ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಸತ್ಯಾಗ್ರಹವು ಪ್ರಾರಂಭವಾಯಿತು. ನಿಷೇಧವನ್ನು ಮುರಿದು ಹೊಲಕ್ಕಿಳಿದ ರೈತರು ಸೆರೆಮನೆಗೆ ಹೋದರು. ಸಮಾಜವಾದಿ ನಾಯಕರಾದ ಡಾ. ರಾಮಮನೋಹರ ಲೋಹಿಯಾ ಅವರೂ ಅಲ್ಲಿಗೆ ಬಂದು ಬಂಧಿತರಾದರು.

ಇಸವಿಯನ್ನು ಇನ್ನೊಮ್ಮೆ ನೋಡಿರಿ. ದೇಶಕ್ಕೆ ಸ್ವಾತಂತ್ರ್ಯವು ಬಂದು ಮೂರು ವರ್ಷಗಳು ಕಳೆದಿದ್ದವು, ಸಂವಿಧಾನವು ಜಾರಿಯಾಗಿ ಒಂದು ವರ್ಷವು ದಾಟಿತ್ತು. ದಿಲ್ಲಿಯಲ್ಲಿ ಅಧಿಕಾರವು ಬದಲಾಗಿತ್ತು. ಕಾಗೋಡಿನಲ್ಲಿ ಕೊಳಗವು ಬದಲಾಗಿರಲಿಲ್ಲ. ಆ ಹೋರಾಟವು ಬಿತ್ತಿದ ಬೀಜವು ಮೊಳೆಯಲು ಎರಡು ದಶಕಗಳು ಹಿಡಿದವು. ಶ್ರೀ ದೇವರಾಜ ಅರಸರ ಸರಕಾರವು ಭೂಸುಧಾರಣೆಯ ಕಾಯದೆಗೆ ಮಾಡಿದ ತಿದ್ದುಪಡಿಯು 1974 ರ ಮಾರ್ಚ್ 1 ರಿಂದ ಜಾರಿಗೆ ಬಂದು, ಗೇಣಿಯ ಭೂಮಿಗಳು ಸರಕಾರದಲ್ಲಿ ಸೇರಿದವು. ಭೂನ್ಯಾಯ ಮಂಡಳಿಗಳ ಮುಖಾಂತರ ಉಳುವವನಿಗೆ ಆ ಭೂಮಿಯ ಹಕ್ಕು ದೊರೆಯತೊಡಗಿತು. ಸ್ವಂತದ ಎರಡೆಕರೆ ಬಂದವನು ಶ್ರೀಮಂತನಾಗಲಿಲ್ಲ. ಆದರೆ ಒಡೆಯನ ಅಂಗಳದಲ್ಲಿ ಮೈ ಮುದುಡಿ ನಿಲ್ಲುವ ಅವಶ್ಯಕತೆಯು ಅವನಿಗೆ ಉಳಿಯಲಿಲ್ಲ. ಸಂಪತ್ತಿನ ಹಂಚಿಕೆಗೂ ಮಾನಕ್ಕೂ ಇರುವ ಸಂಬಂಧವನ್ನು ಬೇರೆ ಯಾವ ವಾದವೂ ಇದಕ್ಕಿಂತ ಚೆನ್ನಾಗಿ ತಿಳಿಸಲಾರದು.

ಒಪ್ಪಿಗೆಯೆಂಬ ನೆಪ

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ‘ಜೀತಕ್ಕೆ ಬಂದವನು ತಾನಾಗಿಯೇ ಬಂದನಲ್ಲವೇ? ಅವನನ್ನು ಯಾರೂ ಕಟ್ಟಿ ತರಲಿಲ್ಲ. ಹಣ ಬೇಕಾಗಿತ್ತು, ಪಡೆದನು, ಕರಾರಿನಂತೆ ದುಡಿಯುತ್ತಾನೆ. ಇದರಲ್ಲಿ ಅನ್ಯಾಯವೇನು?’ ಎಂದು ಕೇಳುವವರುಂಟು. ಇವರು ಕೆಟ್ಟವರೇ ಎಂದೇನೂ ಅಲ್ಲ. ಎಷ್ಟೋ ಜನ ಸಜ್ಜನರೂ ಹೀಗೆ ನಂಬಿರುತ್ತಾರೆ. ಆದರೆ ಕರಾರೆಂಬದು ಇಬ್ಬರೂ ‘ಒಲ್ಲೆ’ ಎನ್ನಬಲ್ಲ ಸ್ಥಿತಿಯಲ್ಲಿದ್ದಾಗ ಮಾತ್ರ ಕರಾರು. ಒಬ್ಬನು ಒಲ್ಲೆನೆಂದರೆ ಅವನಿಗೆ ಒಬ್ಬ ಆಳು ಕಡಿಮೆಯಾಗುತ್ತಾನೆ. ಇನ್ನೊಬ್ಬನು ಒಲ್ಲೆನೆಂದರೆ ಅವನ ಕೂಸು ಔಷಧವಿಲ್ಲದೆ ಸಾಯುತ್ತದೆ. ಇಂಥ ಇಬ್ಬರ ನಡುವೆ ಆದ ಒಪ್ಪಿಗೆಗೆ ಸ್ವಾತಂತ್ರ್ಯದ ಹೆಸರನ್ನು ಕೊಡುವದು ಆ ಶಬ್ದಕ್ಕೇ ಮಾಡಿದ ಅಪಚಾರ.

ಈ ವಿರೋಧವನ್ನು ಡಾ. ಬಾಬಾಸಾಹೇಬ ಅಂಬೇಡಕರರು ಮೊದಲೇ ಕಂಡಿದ್ದರು. 1949 ರ ನವೆಂಬರ 25 ರಂದು ಸಂವಿಧಾನಸಭೆಯಲ್ಲಿ ಮಾತಾಡುತ್ತ ಅವರು, ಬರುವ ಜನೇವರಿ 26 ರಿಂದ ರಾಜಕೀಯದಲ್ಲಿ ನಮಗೆ ಸಮಾನತೆಯಿರುವದು, ಸಾಮಾಜಿಕ ಮತ್ತು ಆರ್ಥಿಕ ಬಾಳಿನಲ್ಲಿ ಅಸಮಾನತೆಯಿರುವದು ಎಂದು ಎಚ್ಚರಿಸಿದರು. ಈ ವಿಸಂಗತಿಯನ್ನು ಬೇಗನೆ ನೀಗದಿದ್ದರೆ ಅದರಿಂದ ನೊಂದವರು ಇಷ್ಟು ಕಷ್ಟದಿಂದ ಕಟ್ಟಿದ ಪ್ರಜಾಪ್ರಭುತ್ವದ ಕಟ್ಟಡವನ್ನೇ ಕೆಡವಿಯಾರೆಂದೂ ಹೇಳಿದರು. ಆ ಸಂವಿಧಾನದ 23 ನೆಯ ವಿಧಿಯು ಬಿಟ್ಟಿಯ ದುಡಿಮೆಯನ್ನೂ ಬಲಾತ್ಕಾರದ ದುಡಿಮೆಯನ್ನೂ ನಿಷೇಧಿಸಿತು. 39 ನೆಯ ವಿಧಿಯು ಸಂಪತ್ತು ಸಮಾಜಕ್ಕೆ ಹಾನಿಯಾಗುವಂತೆ ಕೆಲವರ ಕೈಯಲ್ಲಿ ಗುಡ್ಡೆಬೀಳದಂತೆ ರಾಜ್ಯವು ನೋಡಿಕೊಳ್ಳಬೇಕೆಂದು ನಿರ್ದೇಶಿಸಿತು. ಒಂದು ವಿಧಿಯು ರೋಗವನ್ನು ತಡೆಯಿತು, ಇನ್ನೊಂದು ರೋಗದ ಮೂಲಕ್ಕೆ ಕೈಹಾಕಿತು.

ಆದರೂ ಜೀತದ ಸಾಲವನ್ನು ನೇರವಾಗಿ ಅಳಿಸುವ ಕಾಯದೆಗಾಗಿ ದೇಶವು ಇಪ್ಪತ್ತೈದು ವರ್ಷ ಕಾಯಬೇಕಾಯಿತು. 1975 ರ ಅಕ್ಟೋಬರ 25 ರಿಂದ ಅನ್ವಯವಾಗುವಂತೆ 1976 ರಲ್ಲಿ ಬಂದ ಜೀತಪದ್ಧತಿಯ ನಿರ್ಮೂಲನದ ಕಾಯದೆಯು ಜೀತಗಾರರನ್ನು ಬಿಡುಗಡೆ ಮಾಡಿದ್ದಲ್ಲದೆ ಅವರ ಸಾಲವು ತೀರಿಹೋಯಿತೆಂದೇ ಸಾರಿತು. ಜೀತಕ್ಕೆ ಹಚ್ಚುವವನಿಗೆ ಮೂರು ವರ್ಷಗಳ ವರೆಗೆ ಸೆರೆವಾಸವನ್ನು ವಿಧಿಸಿತು; ಸಾಲವು ಜೀತದ ಸಾಲವಲ್ಲವೆಂದು ಸಿದ್ಧಪಡಿಸುವ ಹೊಣೆಯನ್ನು ಸಾಲ ಕೊಟ್ಟವನ ಮೇಲೆಯೇ ಹೊರಿಸಿತು. ಸುಪೆಯ ರೈತರು ಬೀದಿಯಲ್ಲಿ ಸುಟ್ಟ ಕಾಗದವನ್ನು ನೂರೊಂದು ವರ್ಷಗಳ ತರುವಾಯ ಸಂಸತ್ತು ಶಾಂತಿಯಿಂದ ಹರಿದುಹಾಕಿತೆನ್ನಬಹುದು.

ಒಪ್ಪಿಗೆಯ ವಾದಕ್ಕೆ ಸರ್ವೋಚ್ಚ ನ್ಯಾಯಾಲಯವು 1982 ರಲ್ಲಿ ಕೊಟ್ಟ ಉತ್ತರವಂತೂ ಪ್ರತಿಯೊಬ್ಬ ನಾಗರಿಕನೂ ತಿಳಿದಿರತಕ್ಕದ್ದು. ದಿಲ್ಲಿಯಲ್ಲಿ ಏಶಿಯಾದ ಕ್ರೀಡಾಕೂಟಕ್ಕಾಗಿ ಕಟ್ಟಡಗಳನ್ನು ಕಟ್ಟುತ್ತಿದ್ದ ಕೂಲಿಕಾರರ ವಿಷಯವಾಗಿ ಬಂದ ಮೊಕದ್ದಮೆಯಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸಿಕೊಳ್ಳುವದೂ 23 ನೆಯ ವಿಧಿಯು ನಿಷೇಧಿಸಿದ ಬಲಾತ್ಕಾರದ ದುಡಿಮೆಯೇ ಎಂದು ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ತೀರ್ಪಿತ್ತರು. ಬಲಾತ್ಕಾರವೆಂದರೆ ಬಡಿಗೆಯ ಬಲ ಮಾತ್ರವಲ್ಲ. ಹಸಿವೂ ದಾರಿದ್ರ್ಯವೂ ಬೇರೆ ದಾರಿಯಿಲ್ಲದಂತೆ ಮಾಡಿ ಮನುಷ್ಯನನ್ನು ದುಡಿಮೆಗೆ ತಳ್ಳಿದರೆ ಅದೂ ಬಲಾತ್ಕಾರವೇ ಎಂಬದು ಆ ತೀರ್ಪಿನ ಸಾರ. ಮರುವರ್ಷದ ಕೊನೆಗೆ ಫರೀದಾಬಾದದ ಕಲ್ಲಿನ ಗಣಿಗಳ ಕೂಲಿಕಾರರ ವಿಷಯದಲ್ಲಿಯೂ, 1984 ರಲ್ಲಿ ಮಧ್ಯಪ್ರದೇಶದ ಬಿಡುಗಡೆಯಾದ ಜೀತಗಾರರ ವಿಷಯದಲ್ಲಿಯೂ ಅದೇ ನ್ಯಾಯಾಲಯವು ಇನ್ನೊಂದು ಮಾತನ್ನು ಒತ್ತಿ ಹೇಳಿತು: ಬಿಡಿಸಿದರೆ ಸಾಲದು, ಬದುಕಿಗೊಂದು ನೆಲೆಯನ್ನು ಕಲ್ಪಿಸಬೇಕು, ಇಲ್ಲವಾದರೆ ಬಿಡುಗಡೆಯಾದವನು ಹಸಿವಿನಿಂದಲೇ ಮತ್ತೆ ಜೀತಕ್ಕೆ ಮರಳುವನು.

ಹೊಸ ಹೆಸರು, ಹಳೆಯ ಬೇಡಿ

ಕಾಯದೆಯು ಬಂದಿತು, ತೀರ್ಪುಗಳು ಬಂದವು. ಜೀತವು ಹೋಯಿತೇ? 2000 ದಲ್ಲಿ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲೂಕಿನ ಹಂಗರಹಳ್ಳಿಯ ಕಲ್ಲಿನ ಗಣಿಯಲ್ಲಿ ಕಾಲಿಗೆ ಕಬ್ಬಿಣದ ಬೇಡಿ ತೊಡಿಸಿ ದುಡಿಸುತ್ತಿದ್ದ ಕೂಲಿಕಾರರು ಬೆಳಕಿಗೆ ಬಂದಾಗ ನಾಡು ನಾಚಿ ತಲೆತಗ್ಗಿಸಿತು. ಆ ಬೇಡಿಯು ಕಣ್ಣಿಗೆ ಕಂಡಿತು, ಆದ್ದರಿಂದ ನಾವು ಬೆಚ್ಚಿದೆವು. ಕಣ್ಣಿಗೆ ಕಾಣದ ಬೇಡಿಗಳಿಗೆ ನಾವು ಬೆಚ್ಚುವದಿಲ್ಲ. ಇಂದು ಜೀತವು ತನ್ನ ಹಳೆಯ ಹೆಸರನ್ನು ಹೇಳಿಕೊಳ್ಳುವದಿಲ್ಲ. ‘ಮುಂಗಡ’ವೆಂಬ ಗೌರವದ ಹೆಸರಿನಿಂದ ಬರುತ್ತದೆ.

ಕಬ್ಬು ಕಡಿಯುವವರನ್ನು ನೋಡಿರಿ. ಮರಾಠವಾಡದ ಬೀಡ ಮೊದಲಾದ ಬರಗಾಲದ ಸೀಮೆಯಿಂದ ಗಂಡಹೆಂಡರು ಜೋಡಿಯಾಗಿ ಮುಕಾದಮನಿಂದ ಮುಂಗಡ ಪಡೆದು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಉತ್ತರ ಕರ್ನಾಟಕಕ್ಕೂ ಪ್ರತಿ ಹಂಗಾಮಿನಲ್ಲಿ ಬರುತ್ತಾರೆ. ಜೋಡಿಯನ್ನು ಒಂದೇ ‘ಕೊಯ್ತಾ’ ಎಂದು ಎಣಿಸುತ್ತಾರೆ. ಕೊಯ್ತಾ ಎಂದರೆ ಕುಡುಗೋಲು. ಇಬ್ಬರು ಮನುಷ್ಯರು ಲೆಕ್ಕದಲ್ಲಿ ಒಂದು ಆಯುಧವಾಗುತ್ತಾರೆ. ಒಂದು ದಿನ ಕೆಲಸ ತಪ್ಪಿದರೆ ದಂಡ. ಹೆಣ್ಣಿಗೆ ತಿಂಗಳ ನೋವೂ ಬಸಿರಿನ ಆಯಾಸವೂ ಲೆಕ್ಕದಲ್ಲಿ ಇಲ್ಲ. ಬೀಡ ಜಿಲ್ಲೆಯ ಈ ಹೆಂಗಸರಲ್ಲಿ ಅನೇಕರು ಚಿಕ್ಕ ವಯಸ್ಸಿನಲ್ಲಿಯೇ ಗರ್ಭಕೋಶವನ್ನು ತೆಗೆಸಿಕೊಂಡಿರುವ ಸುದ್ದಿಯು 2019 ರಲ್ಲಿ ಹೊರಬಿದ್ದು, ಮಹಾರಾಷ್ಟ್ರ ಸರಕಾರವು ವಿಚಾರಣೆಗೆ ಸಮಿತಿಯನ್ನು ನೇಮಿಸಿತು. ವಿಚಾರಿಸಿದ 82 ಸಾವಿರಕ್ಕೂ ಮಿಕ್ಕಿದ ಹೆಂಗಸರಲ್ಲಿ 13 ಸಾವಿರಕ್ಕೂ ಮಿಕ್ಕಿದವರು ಆ ಶಸ್ತ್ರಕ್ರಿಯೆಗೆ ಒಳಗಾದವರೆಂದು ಕಂಡುಬಂದಿತು. ರೋಗದ ಕಾರಣಗಳೂ ಉಂಟು, ಹಣಕ್ಕಾಸೆಪಟ್ಟ ವೈದ್ಯರ ಪಾಲೂ ಉಂಟು. ಆದರೆ ಕೂಲಿ ತಪ್ಪೀತೆಂಬ, ದಂಡ ಬಿದ್ದೀತೆಂಬ ಅಂಜಿಕೆಯು ಒಬ್ಬ ತಾಯಿಯನ್ನು ತನ್ನ ದೇಹದ ಅಂಗವನ್ನೇ ತೆಗೆಸಿಕೊಳ್ಳುವ ನಿರ್ಧಾರದತ್ತ ನೂಕುವ ಸ್ಥಿತಿಯಿದ್ದರೆ, ಅವಳ ಸಹಿಯನ್ನು ನಾವು ಒಪ್ಪಿಗೆಯೆಂದು ಕರೆಯಬಹುದೇ? ನಮ್ಮ ಬಟ್ಟಲಿನ ಚಹಕ್ಕೆ ಬೀಳುವ ಸಕ್ಕರೆಯ ಹಿಂದೆ ಈ ಲೆಕ್ಕವಿದೆ. ಸುಲಭ ಬೆಲೆಗೆ ಕೊಳ್ಳುವ ನಾವೂ ಈ ಲೋಭದಲ್ಲಿ ತಿಳಿಯದೆಯೇ ಪಾಲುದಾರರಾಗಿದ್ದೇವೆ.

ಲಕ್ಕಮ್ಮನ ನ್ಯಾಯ

ಲೋಭವನ್ನು ನಮ್ಮ ಪೂರ್ವಿಕರು ಅರಿಷಡ್ವರ್ಗಗಳಲ್ಲಿ ಒಂದೆಂದು ಎಣಿಸಿದರು; ಹೊರಗಿನ ವೈರಿಗಿಂತ ಮೊದಲು ಗೆಲ್ಲಬೇಕಾದ ಒಳಗಿನ ವೈರಿಯೆಂದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಇದನ್ನು ಬಾಳಿನಲ್ಲಿ ಆಡಿ ತೋರಿಸಿದರು. ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ, ಅವನ ಹೆಂಡತಿ ಲಕ್ಕಮ್ಮನು ಹೆಚ್ಚಿನದನ್ನು ತಂದಲ್ಲಿಯೇ ಹಾಕಿ ಬರಲು ಹೇಳಿದ ಕಥೆಯು ಕನ್ನಡದ ಮನೆಮನೆಗೂ ಗೊತ್ತು. ಕಡುಬಡವಳಾದ ಆ ಗೃಹಿಣಿಯು ಬೇಡವೆಂದದ್ದು ಅಕ್ಕಿಯನ್ನಲ್ಲ, ಬೇಕಾದುದಕ್ಕಿಂತ ಹೆಚ್ಚಿನದನ್ನು. ಅವಳ ‘ಒಲ್ಲೆ’ಯೂ ಸ್ವಾತಂತ್ರ್ಯದ ಮಾತೇ. ಲೋಭಿಯು ಆ ಮಾತನ್ನು ತನ್ನ ಆಸೆಗೆ ಹೇಳಲಾರನು. ಆದಕಾರಣ ಅವನೂ ಸ್ವತಂತ್ರನಲ್ಲ. ಜೀತಗಾರನು ಸಾಲದ ಆಳು, ಧಣಿಯು ಆಸೆಯ ಆಳು. ಇಷ್ಟೇ ಭೇದ: ಒಬ್ಬನ ಬೇಡಿಯು ಇನ್ನೊಬ್ಬನು ತೊಡಿಸಿದ್ದು, ಇನ್ನೊಬ್ಬನದು ತಾನೇ ತೊಟ್ಟುಕೊಂಡದ್ದು.

ನಾವು ಸಂಪತ್ತಿನ ದ್ವೇಷವನ್ನು ಬೋಧಿಸುತ್ತಿಲ್ಲ. ದುಡಿದು ಗಳಿಸಿದವನು ಗೌರವಾರ್ಹನು. ಗಳಿಸುವ ಉತ್ಸಾಹವಿಲ್ಲದ ನಾಡು ಏಳಿಗೆಯನ್ನು ಹೊಂದಲಾರದು. ಶ್ರೀಮಂತರು ತಮ್ಮ ಸಂಪತ್ತಿಗೆ ಒಡೆಯರಲ್ಲ, ಸಮಾಜದ ಪರವಾಗಿ ಅದರ ಧರ್ಮದರ್ಶಿಗಳೆಂದು ಗಾಂಧೀಜಿಯವರು ಹೇಳಿದ್ದು ಈ ಎರಡನ್ನೂ ಕೂಡಿಸುವ ಯತ್ನವಾಗಿತ್ತು. ಆದರೆ ಧರ್ಮದರ್ಶಿಯು ಲೆಕ್ಕ ಕೊಡಲೊಲ್ಲೆನೆಂದರೆ ಮಾಡುವದೇನು? ಎಲ್ಲರೂ ಲಕ್ಕಮ್ಮನಾಗುವವರೆಗೆ ಕೂಲಿಕಾರನು ಕಾಯುತ್ತ ಕೂಡಲಾರನು. ಧಣಿಯ ಹೃದಯಪರಿವರ್ತನೆಯನ್ನು ಹಾರೈಸೋಣ. ಆದರೆ ಬಡವನ ಮಾನವನ್ನು ಧಣಿಯ ಹೃದಯದ ಮೇಲೆ ಅವಲಂಬಿಸಿರಲು ಬಿಡುವದು ತರವಲ್ಲ. ದಯೆಯಿಂದ ದೊರೆತದ್ದು ದಯೆ ತಪ್ಪಿದ ದಿನ ಹೋಗುತ್ತದೆ. ಹಕ್ಕಿನಿಂದ ದೊರೆತದ್ದು ಉಳಿಯುತ್ತದೆ.

ಆಗಬೇಕಾದ ಕಾರ್ಯ

ಹಾಗಾದರೆ ಮಾಡತಕ್ಕದ್ದೇನು? ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ನಾಡಿನ ಇತಿಹಾಸದಲ್ಲಿಯೇ ಅದು ಇದೆ. 1905 ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಗದಗ ತಾಲೂಕಿನ ಕಣಗಿನಹಾಳ ಎಂಬ ಹಳ್ಳಿಯಲ್ಲಿ ಶ್ರೀ ಸಿದ್ಧನಗೌಡ ಪಾಟೀಲರು ಒಕ್ಕಲಿಗರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. ದೇಶದ ಸಹಕಾರಿ ಚಳವಳಿಯ ಮೊದಲ ಮೆಟ್ಟಿಲುಗಳಲ್ಲಿ ಅದು ಒಂದು. ಸಾವಕಾರನ ಬಾಗಿಲಲ್ಲದೆ ಇನ್ನೊಂದು ಬಾಗಿಲು ಊರಿನಲ್ಲಿ ತೆರೆದರೆ ಸಾವಕಾರನ ಬಡ್ಡಿಯೂ ಅವನ ಧ್ವನಿಯೂ ತಾವಾಗಿಯೇ ಇಳಿಯುತ್ತವೆ. ಆದರೆ ಇಂದಿನ ಸಹಕಾರಿ ಸಂಘದ ಬಾಗಿಲು ಪಹಣಿಯಿದ್ದವನಿಗೆ ತೆರೆಯುವಷ್ಟು ಬೇಗ ನೆಲವಿಲ್ಲದ ಕೂಲಿಕಾರನಿಗೆ ತೆರೆಯುವದಿಲ್ಲ. ಮದುವೆಗೆ, ಮದ್ದಿಗೆ, ಬಿತ್ತನೆಗೆ ಸಣ್ಣ ಮೊತ್ತವು ನ್ಯಾಯದ ಬಡ್ಡಿಗೆ ಅವನಿಗೂ ದೊರೆಯುವಂತಾಗಬೇಕು. ಸರಕಾರಿ ಆಸ್ಪತ್ರೆಯಲ್ಲಿ ಒಳ್ಳೆಯ ಚಿಕಿತ್ಸೆಯು ದೊರೆತರೆ ಜೀತದ ಅರ್ಧ ಸಾಲಪತ್ರಗಳು ಹುಟ್ಟುವದೇ ಇಲ್ಲ.

ಎರಡನೆಯದಾಗಿ, ದುಡಿಮೆಯ ಲೆಕ್ಕವು ದುಡಿಯುವವನ ಕೈಯಲ್ಲಿಯೂ ಇರಬೇಕು. ಎಷ್ಟು ಮುಂಗಡ ಪಡೆದನು, ಎಷ್ಟು ದಿನ ದುಡಿದನು, ಎಷ್ಟು ತೀರಿತು ಎಂಬದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಬೇಕು. ಕಾಗೋಡಿನ ರೈತನು ಕೇಳಿದ ರಸೀದಿಯು ಇದೇ. ಮೂರನೆಯದಾಗಿ, ಜೀತವನ್ನು ಪತ್ತೆಹಚ್ಚಲು 1976 ರ ಕಾಯದೆಯು ಜಿಲ್ಲೆ ಮತ್ತು ಉಪವಿಭಾಗಗಳಲ್ಲಿ ಕಲ್ಪಿಸಿದ ಜಾಗೃತಿ ಸಮಿತಿಗಳು ಕಾಗದದಲ್ಲಿ ನಿದ್ರಿಸದೆ ಭಟ್ಟಿಗೂ ಗಣಿಗೂ ಹೊಲಕ್ಕೂ ಹೋಗಿ ನೋಡಬೇಕು. ನಾಲ್ಕನೆಯದಾಗಿ, ಊರಿನಲ್ಲಿ ಬೇರೆ ದುಡಿಮೆಯು ಇರಬೇಕು. 2005 ರಲ್ಲಿ ಸಂಸತ್ತು ಗ್ರಾಮೀಣ ಉದ್ಯೋಗದ ಖಾತರಿಯ ಕಾಯದೆಯನ್ನು ಮಾಡಿ, ಕೇಳಿದವರ ಕುಟುಂಬಕ್ಕೆ ವರ್ಷದಲ್ಲಿ 100 ದಿನಗಳ ಕೆಲಸವು ಹಕ್ಕೆಂದು ಸಾರಿದಾಗ ಅದರ ನಿಜವಾದ ಹಿರಿಮೆಯು ಆ 100 ದಿನಗಳ ಕೂಲಿಯಲ್ಲಿ ಮಾತ್ರ ಇರಲಿಲ್ಲ. ಧಣಿಯ ಮನೆಯ ಕೆಲಸಕ್ಕೆ ‘ಇಂದು ಒಲ್ಲೆ’ ಎನ್ನುವ ಧೈರ್ಯವನ್ನು ಅದು ಆಳಿನ ಬಾಯಿಗೆ ತಂದಿತು. ಮುಂದೆ ಯಾವ ಹೆಸರಿನ ಯಾವ ಯೋಜನೆಯು ಬಂದರೂ ಅದನ್ನು ಇದೇ ಒರೆಗಲ್ಲಿಗೆ ಹಚ್ಚಿ ನೋಡಬೇಕು: ಇದರಿಂದ ದುರ್ಬಲನ ‘ಒಲ್ಲೆ’ಗೆ ಬಲ ಬಂದಿತೇ, ಇಲ್ಲವೇ?

ರಾಷ್ಟ್ರವೆಂದರೆ ನಕಾಶೆಯಲ್ಲಿಯ ಗೆರೆಗಳಲ್ಲ, ಮನುಷ್ಯರು. ಆ ಮನುಷ್ಯರಲ್ಲಿ ಒಬ್ಬನು ತನ್ನ ಕೂಸಿನ ಔಷಧಕ್ಕಾಗಿ ತನ್ನ ನಾಳೆಗಳನ್ನು ಮಾರಿಕೊಳ್ಳಬೇಕಾದಲ್ಲಿ ರಾಷ್ಟ್ರದ ಸ್ವಾತಂತ್ರ್ಯವೂ ಅಷ್ಟರಮಟ್ಟಿಗೆ ಒತ್ತೆಬಿದ್ದಂತೆ. ನಮ್ಮ ಹಿರಿಯರು ಒಂದು ಸಾಮ್ರಾಜ್ಯಕ್ಕೆ ‘ಒಲ್ಲೆ’ ಎಂದು ಹೇಳಿ ದೇಶವನ್ನು ಬಿಡಿಸಿದರು. ಆ ಮಾತನ್ನು ಕಲ್ಲು ಒಡೆಯುವವನೂ ಕಬ್ಬು ಕಡಿಯುವವಳೂ ಅಂಜದೆ ಆಡುವಂತಾದ ದಿನ ಅವರು ಪ್ರಾರಂಭಿಸಿದ ಕಾರ್ಯವು ಮುಗಿಯುವದು. ಅಲ್ಲಿಯ ವರೆಗೆ ಅದನ್ನು ಮುಂದುವರಿಸುವ ಭಾರವು ನಮ್ಮ ನಿಮ್ಮೆಲ್ಲರ ಮೇಲಿದೆ.